ಪ್ರತಿಜ್ಞೆ ಆಯ್ತು, ಮುಂದೆ? ಶಾಲೆಯ ವ್ಯಸನಮುಕ್ತಿ ಪಾಠ ನಡೆದು ಬಂದ ದಾರಿ

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಮಾರನೇ ದಿನ ಹಾಸನ ಜಿಲ್ಲೆಯ ಯಾವ ಪತ್ರಿಕೆಯ ಸ್ಥಳೀಯ ಪುಟ ತೆಗೆದರೂ ಫೋಟೊ ಹೆಚ್ಚುಕಮ್ಮಿ ಒಂದೇ. ಮುಂದೆ ಬ್ಯಾನರ್, ಹಿಂದೆ ಸಮವಸ್ತ್ರದ ಮಕ್ಕಳು, ಪಕ್ಕದಲ್ಲಿ ಖಾಕಿ. ಅರಸೀಕೆರೆ ಆಗಲಿ ಸಕಲೇಶಪುರ ಆಗಲಿ, ಊರಿನ ಹೆಸರು ಮಾತ್ರ ಬೇರೆ. ಅದಕ್ಕೂ ಮೊದಲು ಮೇ 31ಕ್ಕೆ ತಂಬಾಕು ವಿರೋಧಿ ದಿನ. ಆಗಸ್ಟ್ 1ಕ್ಕೆ ಇಳಕಲ್ಲಿನ ಮಹಾಂತ ಶಿವಯೋಗಿಗಳ ನೆನಪಿನ ವ್ಯಸನಮುಕ್ತ ದಿನ. ನಡುನಡುವೆ ಆರೋಗ್ಯ ಇಲಾಖೆ, ಪೊಲೀಸರು, ಮದ್ಯಪಾನ ಸಂಯಮ ಮಂಡಳಿ, ಧರ್ಮಸ್ಥಳದ ಜನಜಾಗೃತಿ ವೇದಿಕೆ, ಜೊತೆಗೆ ಊರಿನ ಕ್ಲಬ್‌ಗಳು. ಎಲ್ಲರೂ ಬರುವುದು ಅದೇ ಶಾಲೆಗೆ, ಅದೇ ಎಂಟನೇ ಕ್ಲಾಸಿಗೆ.

ಯಾರು ಯಾವ ಯೋಜನೆಯಡಿ ಏನು ಮಾಡುತ್ತಿದ್ದಾರೆ ಅನ್ನುವುದು ಮೇಷ್ಟ್ರುಗಳಿಗೇ ನೆನಪಿರುವುದು ಕಷ್ಟ. ಇಷ್ಟೆಲ್ಲ ಆಗಿ, ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದ ಹುಡುಗನಿಗೆ ಏನಾದರೂ ಉಪಯೋಗ ಆಯ್ತಾ? ಹೊರಗಿನ ಜಗತ್ತು ಈ ಪ್ರಶ್ನೆಯನ್ನು ಸುಮಾರು ಐವತ್ತು ವರ್ಷದಿಂದ ಕೇಳುತ್ತಿದೆ. ಉತ್ತರವೂ ಒಂದಷ್ಟು ಸಿಕ್ಕಿದೆ.

ಮೊದಮೊದಲು ಎಲ್ಲ ಕಡೆ ನಡೆದದ್ದು ಹೆದರಿಸುವ ಪಾಠ. ಕಪ್ಪಾದ ಶ್ವಾಸಕೋಶದ ಚಿತ್ರ, ಬಾಯಿ ಕ್ಯಾನ್ಸರಿನ ಚಿತ್ರ. ಮಕ್ಕಳಿಗೆ ತಿಳಿವಳಿಕೆ ಬಂತು, ನಡವಳಿಕೆ ಬದಲಾಗಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ರಿಚರ್ಡ್ ಇವಾನ್ಸ್ ಎಂಬ ಮನಃಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಮಕ್ಕಳು ಸಿಗರೇಟು ಹಚ್ಚುವುದು ಗೊತ್ತಿಲ್ಲದೆ ಅಲ್ಲ, ಗೆಳೆಯರು ಕೊಟ್ಟಾಗ ಬೇಡ ಅನ್ನಲಾಗದೆ. ಹಾಗಾಗಿ ಆ ಒತ್ತಡದ ಸಣ್ಣ ಡೋಸನ್ನು ಕ್ಲಾಸಿನಲ್ಲೇ ಕೊಟ್ಟು, ಲಸಿಕೆ ಹಾಕಿದಂತೆ ಮೊದಲೇ ಸಜ್ಜು ಮಾಡಿ ಎಂದರು. ಇಂದು ಚೆನ್ನಾಗಿದೆ ಅನ್ನಿಸಿಕೊಂಡ ಹೆಚ್ಚಿನ ಪಾಠಗಳ ಬೇರು ಇಲ್ಲಿದೆ.

ಆದರೆ ಜನಪ್ರಿಯವಾದದ್ದು ಇನ್ನೊಂದು. 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಅಲ್ಲಿನ ಶಾಲೆಗಳ ಜೊತೆ ಸೇರಿ 'ಡೇರ್' ಎಂಬ ಕಾರ್ಯಕ್ರಮ ಶುರು ಮಾಡಿದರು. ಸಮವಸ್ತ್ರ ಹಾಕಿದ ಪೊಲೀಸ್ ಅಧಿಕಾರಿಯೇ ಕ್ಲಾಸಿಗೆ ಬಂದು ಪಾಠ ಮಾಡುವುದು, ಕೊನೆಗೆ ಸರ್ಟಿಫಿಕೇಟು, ಟೀ ಶರ್ಟು. ತಂದೆತಾಯಿಗೆ ಖುಷಿ, ಶಾಲೆಗೆ ಖುಷಿ, ಪೊಲೀಸರಿಗೂ ಒಳ್ಳೆಯ ಹೆಸರು. ಕೆಲವೇ ವರ್ಷದಲ್ಲಿ ಅಮೆರಿಕದ ಮುಕ್ಕಾಲು ಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. 1994ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮಾದಕ ವಸ್ತು ಬಳಕೆಯ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಸಣ್ಣದು ಎಂದು ಗೊತ್ತಾಯಿತು. 1999ರಲ್ಲಿ ಬಂದ ಇನ್ನೊಂದು ಅಧ್ಯಯನ ಹತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ಕೇಳಿತು. ವ್ಯತ್ಯಾಸ ಸಿಗಲಿಲ್ಲ. 2003ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರೂ ಅದನ್ನೇ ಹೇಳಿದರು. ಆದರೂ ಕಾರ್ಯಕ್ರಮ ನಿಲ್ಲಲಿಲ್ಲ, 2009ರ ಸುಮಾರಿಗೆ ಪಾಠವನ್ನೇ ಬದಲಿಸಿಕೊಂಡು ಮುಂದುವರಿಯಿತು. ಎಲ್ಲರಿಗೂ ಇಷ್ಟವಾಗುವ ಕಾರ್ಯಕ್ರಮವನ್ನು ನಿಲ್ಲಿಸುವುದು ಎಲ್ಲ ದೇಶದಲ್ಲೂ ಕಷ್ಟವೇ ಅಲ್ವಾ!

ಹಾಗಂತ ಡೇರ್ ಒಂದರದೇ ಈ ಕತೆ ಅಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 40 ಶಾಲಾ ಜಿಲ್ಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ತೆಗೆದುಕೊಂಡು, ಅರ್ಧ ಜಿಲ್ಲೆಗಳಲ್ಲಿ ಮಾತ್ರ ಮೂರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಇವಾನ್ಸ್ ಮಾದರಿಯ ಧೂಮಪಾನ ವಿರೋಧಿ ಪಾಠ ಮಾಡಿದರು. ಟ್ರೇನಿಂಗ್ ಪಡೆದ ಮೇಷ್ಟ್ರುಗಳು, ಅಚ್ಚುಕಟ್ಟಾದ ಯೋಜನೆ. ಫಲಿತಾಂಶ 2000ನೇ ಇಸವಿಯಲ್ಲಿ ಬಂತು. ಪಾಠ ಕೇಳಿದವರಲ್ಲೂ ಕೇಳದವರಲ್ಲೂ ಸಿಗರೇಟು ಸೇದುವವರ ಪ್ರಮಾಣ ಒಂದೇ. ಇನ್ನೊಂದು ಕಡೆ, ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ಗಿಲ್ಬರ್ಟ್ ಬಾಟ್ವಿನ್ ಜೀವನ ಕೌಶಲ ತರಬೇತಿ ಕೊಟ್ಟರು. ಬೇಡ ಅನ್ನುವುದರ ಜೊತೆಗೆ ಸಿಟ್ಟು, ಸಂಕೋಚ, ಆತಂಕ ನಿಭಾಯಿಸುವುದನ್ನೂ ಕಲಿಸುವ ಪಾಠ ಅದು. ಆರು ವರ್ಷದ ಮೇಲೂ ಅಲ್ಲಿ ವ್ಯತ್ಯಾಸ ಕಂಡಿತು. ಪಾಠ ಪೂರ್ತಿ ಸಿಕ್ಕ ಮಕ್ಕಳಲ್ಲಿ ಅದು ಇನ್ನೂ ಜಾಸ್ತಿ. 2014ರಲ್ಲಿ 51 ಅಧ್ಯಯನಗಳನ್ನು ಒಟ್ಟುಗೂಡಿಸಿದ ದೊಡ್ಡ ಪರಿಶೀಲನೆ ಬಂತು. ಒತ್ತಡಕ್ಕೆ ಬೇಡ ಅನ್ನುವುದು, ಜೀವನ ಕೌಶಲ ಎರಡನ್ನೂ ಬೆರೆಸಿದ ಪಾಠಗಳಿಂದ ಪ್ರಯೋಜನ ಇದೆ, ಆದರೆ ಸಣ್ಣದು ಎಂಬುದು ಅದರ ತೀರ್ಮಾನ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ 2013ರಲ್ಲಿ ಮಾನದಂಡಗಳನ್ನು ಹೊರತಂದಿತು. ಬರೀ ಭಾಷಣ, ಹೆದರಿಸುವುದು, ಪೊಲೀಸರಿಂದ ಪಾಠ, ವ್ಯಸನ ಬಿಟ್ಟವರ ಅನುಭವ ಕಥನ, ಇವುಗಳಿಂದ ಲಾಭ ಕಂಡಿಲ್ಲ ಅನ್ನುತ್ತದೆ ಅದು. ನಮ್ಮ ಶಾಲೆಗಳ ಕಾರ್ಯಕ್ರಮದ ಪಟ್ಟಿಯನ್ನೇ ಎದುರಿಗೆ ಇಟ್ಟುಕೊಂಡು ಬರೆದಂತಿದೆ!

ಇದೆಲ್ಲ ಅಮೆರಿಕದ ಮಾತು, ನಮಗ್ಯಾಕೆ ಅನ್ನಬಹುದು. ಆದರೆ ನಮ್ಮಲ್ಲೂ ಒಂದು ಗಟ್ಟಿ ಪರೀಕ್ಷೆ ನಡೆದಿದೆ. ಅದರ ಬಗ್ಗೆ ಇಲ್ಲಿ ಮಾತೇ ಕಡಿಮೆ.

2004ರಲ್ಲಿ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 'ಮೈತ್ರಿ' ಎಂಬ ಯೋಜನೆ ಶುರುವಾಯಿತು. ಯಾವ ಶಾಲೆಗೆ ಪಾಠ, ಯಾವುದಕ್ಕೆ ಇಲ್ಲ ಎಂಬುದು ಲಾಟರಿ ರೀತಿಯಲ್ಲಿ ನಿರ್ಧಾರವಾಯಿತು. ಆರನೇ ಮತ್ತು ಎಂಟನೇ ಕ್ಲಾಸಿನ ಮಕ್ಕಳು. ಎರಡು ವರ್ಷ. ಪಾಠ ಮಾಡಿದ್ದು ಆಯಾ ಶಾಲೆಯ ಶಿಕ್ಷಕರೇ, ಗುಂಪು ಚಟುವಟಿಕೆ ನಡೆಸಿದ್ದು ಮಕ್ಕಳೊಳಗಿನ ಮುಂದಾಳುಗಳು. ಮನೆಗೆ ತಂದೆತಾಯಿಗೆ ಪೋಸ್ಟ್‌ಕಾರ್ಡ್ ಹೋಗುತ್ತಿತ್ತು. ಪಾಠ ಇಲ್ಲದ ಶಾಲೆಗಳಲ್ಲಿ ಎರಡು ವರ್ಷದಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತು. ಪಾಠ ಇದ್ದ ಕಡೆ ಶೇ 17ರಷ್ಟು ಇಳಿಯಿತು. 2009ರಲ್ಲಿ ಇದು ಪ್ರಕಟವಾಯಿತು. ಜಾಥಾ, ಪ್ರತಿಜ್ಞೆ, ರಂಗೋಲಿ ಸ್ಪರ್ಧೆಗಿಂತ ಬೇರೆಯದೇ ಆದ ಕೆಲಸ ಇದು. ನಿಧಾನದ್ದು, ಫೋಟೊಗೆ ಒಗ್ಗದ್ದು.

ಕರ್ನಾಟಕದಲ್ಲಿ ನಿಮ್ಹಾನ್ಸ್‌ನ ಜೀವನ ಕೌಶಲ ಮಾದರಿಯೂ ಇದೆ. 2010ರಲ್ಲಿ ಬಂದ ಅದರ ಮೌಲ್ಯಮಾಪನದಲ್ಲಿ, ತರಬೇತಿ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಿದರು. ಆತ್ಮವಿಶ್ವಾಸ, ಕಷ್ಟ ಎದುರಿಸುವ ರೀತಿ, ಶಿಕ್ಷಕರ ಜೊತೆಗಿನ ಹೊಂದಾಣಿಕೆ ಚೆನ್ನಾಗಿತ್ತು. ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. 2003ರ ತಂಬಾಕು ಕಾಯ್ದೆಯಿಂದ ಶಾಲೆಯ 100 ಗಜದೊಳಗೆ ಮಾರಾಟ ನಿಷೇಧವಾಗಿತ್ತು, ಗೇಟಿನ ಬೋರ್ಡ್ ಬಂದದ್ದು ಹಾಗೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು, ಬೆರೆಸಿಕೊಳ್ಳುವುದು ಗಿರಾಕಿಯ ಕೆಲಸ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳಲ್ಲಿನ ಮಾದಕ ವಸ್ತು ಬಳಕೆಯ ಬಗ್ಗೆ ರಾಷ್ಟ್ರೀಯ ಸಮೀಕ್ಷೆ ಮಾಡಿ ಎಂದಿತು. 2019ರಲ್ಲಿ ಏಮ್ಸ್ ನೇತೃತ್ವದ ಸಮೀಕ್ಷೆ ಬಂತು. ಸಲ್ಯೂಷನ್, ವೈಟ್ನರ್ ಥರದ್ದನ್ನು ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಎಂದು ಅದು ತೋರಿಸಿತು. 2020ರ ಫೆಬ್ರುವರಿಯಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿ ಮಾಡುವ ಕೇಂದ್ರದ ಯೋಜನೆ ಬಂತು, ಆಗಸ್ಟ್ 15ಕ್ಕೆ ನಶಾಮುಕ್ತ ಭಾರತ ಅಭಿಯಾನ. ಕಾಗದದ ಮೇಲೆ ಶಿಕ್ಷಕರ ಯೋಜನೆಯೇ ಮೈತ್ರಿಗೆ ಹತ್ತಿರದ್ದು. ವಾರ ವಾರ ಪಾಠ, ಆಟ, ಚರ್ಚೆ ಎಲ್ಲ ಇದೆ. ಶಾಲೆಯಲ್ಲಿ ಎದ್ದು ಕಾಣುವುದು ಮಾತ್ರ ಪ್ರತಿಜ್ಞೆ.

ಯಾಕೆ ಹೀಗೆ? ಮೇಲಿನವರು ಕೇಳುವುದು ಎಷ್ಟು ಶಾಲೆ, ಎಷ್ಟು ಮಕ್ಕಳು, ಫೋಟೊ ಎಲ್ಲಿ ಎಂದು. ಕೇಳಿದ್ದನ್ನು ಕೆಳಗಿನವರು ಕೊಡುತ್ತಾರೆ. ಎಣಿಸಲು ಸುಲಭವಾದದ್ದೇ ಕೆಲಸ ಆಗಿಬಿಡುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ, ಬಿಸಿಯೂಟದ ಲೆಕ್ಕ, ನೂರೆಂಟು ಆ್ಯಪ್‌ಗಳ ನಡುವೆ ಇರುವ ಮೇಷ್ಟ್ರನ್ನು ಬೈದು ಪ್ರಯೋಜನ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಪೇಚು. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಜೂನ್ 26ಕ್ಕೆ ಬೆಳೆ ಹೊಲದಲ್ಲಿ ನಿಂತಿರುತ್ತದೆ. ಆಮೇಲೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ರಾತ್ರಿಯೆಲ್ಲ ಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೌದೆ ಹಾಕುವುದು. ಶಾಲೆ ಫೀಸು, ಅಕ್ಕನ ಮದುವೆ ಎಲ್ಲ ಆ ಹರಾಜಿನ ರೇಟಿನ ಮೇಲೆ. ಅಜ್ಜಿಯ ಎಲೆಅಡಿಕೆ ಸಂಚಿಯಲ್ಲೂ ಚೂರು ಹೊಗೆಸೊಪ್ಪು ಇದ್ದೇ ಇರುತ್ತದೆ. ಆ ಮಗುವಿಗೆ 'ತಂಬಾಕು ವಿಷ' ಎಂದು ಭಾಷಣ ಮಾಡಿದರೆ ಅದು ತಲೆ ಆಡಿಸುತ್ತದೆ, ಅಷ್ಟೇ. ಮನೆಯ ಅನ್ನಕ್ಕೂ ಆ ಮಾತಿಗೂ ಹೊಂದಿಸುವ ಪಾಠ ಬೇರೆಯೇ ಬೇಕು. ದೆಹಲಿಯ ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಈಗ ಅಳೆಯುವ ವಿಷಯ. 13ರಿಂದ 15 ವರ್ಷದ ಶಾಲಾ ಮಕ್ಕಳ 2019ರ ಸಮೀಕ್ಷೆಯಲ್ಲಿ ದೇಶದ ಸರಾಸರಿ ತಂಬಾಕು ಬಳಕೆ ಶೇ 8.5. ಕರ್ನಾಟಕದ್ದು ಶೇ 1.2, ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಒಂದು. ನಿಜವಾಗಿದ್ದರೆ ಬಹಳ ಸಂತೋಷ. ಆದರೆ ಇದು ಶಾಲೆಯಲ್ಲಿ ಕೂತು ಮಕ್ಕಳು ತಾವೇ ಬರೆದ ಉತ್ತರ. ಬೆಂಚಿನ ಪಕ್ಕದಲ್ಲಿ ಗೆಳೆಯ, ಹಿಂದೆ ಮೇಷ್ಟ್ರು ಇದ್ದರೆ ಯಾವ ಹುಡುಗ 'ಹೌದು' ಎಂದು ಗುರುತು ಹಾಕುತ್ತಾನೆ? ಶಾಲೆ ಬಿಟ್ಟವನು, ಅವತ್ತು ಚಕ್ಕರ್ ಹೊಡೆದವನು ಲೆಕ್ಕಕ್ಕೇ ಬರುವುದಿಲ್ಲ. ಚಟಕ್ಕೆ ಹತ್ತಿರ ಇರುವವರು ಬಹುಪಾಲು ಅವರೇ. ಸಂಶೋಧಕರಿಗೆ ಇದು ಗೊತ್ತು. ಅದಕ್ಕೇ ಇವಾನ್ಸ್ ಕಾಲದಲ್ಲೇ, ಸೇದಿದ್ದಾನೋ ಇಲ್ಲವೋ ತಿಳಿಯಲು ಜೊಲ್ಲಿನ ಮಾದರಿ ತೆಗೆದುಕೊಳ್ಳುತ್ತಿದ್ದರು. ಯುರೋಪಿನ ಸಮೀಕ್ಷೆಯಲ್ಲಿ ಇಲ್ಲದ ಮಾದಕ ವಸ್ತುವಿನ ಹೆಸರೊಂದನ್ನು ಪಟ್ಟಿಗೆ ಸೇರಿಸುತ್ತಿದ್ದರು. ಅದನ್ನೂ ತಗೊಂಡಿದ್ದೇನೆ ಅಂದವರ ಹಾಳೆ ಎಷ್ಟು ನಂಬಬಹುದು ಎಂದು ತಿಳಿಯಲು.

ನಮ್ಮಲ್ಲಿ ಅಡ್ಡಿ ಇನ್ನೂ ಸರಳವಾದದ್ದು. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಬಹಳ ಕಡೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಮಗು ಹೋಬಳಿಯ ಹೈಸ್ಕೂಲಿಗೆ ಹೋಗುತ್ತದೆ. ಹೊಸ ಗೆಳೆಯರು, ಬಸ್ ಸ್ಟ್ಯಾಂಡ್, ಕೈಯಲ್ಲಿ ಹತ್ತಿಪ್ಪತ್ತು ರೂಪಾಯಿ. ಬದಲಾವಣೆ ಆಗುವುದೇ ಆಗ, ಲೆಕ್ಕದ ಎಳೆ ತುಂಡಾಗುವುದೂ ಆಗಲೇ. ಆರನೇ ಕ್ಲಾಸಿನಲ್ಲಿ ಪಾಠ ಕೇಳಿದವನು ಎಂಟರಲ್ಲಿ ಏನಾದ ಎಂದು ನೋಡಬೇಕಾದರೆ ಎರಡೂ ಹಾಳೆ ಒಬ್ಬನದೇ ಎಂದು ಗೊತ್ತಾಗಬೇಕು. ಇಲಾಖೆ ಪ್ರತಿ ಮಗುವಿಗೆ ಕೊಡುವ ಸ್ಯಾಟ್ಸ್ ನಂಬರ್ ಹಾಕಿಸಿದರೆ ಅವನು ನಿಜ ಬರೆಯುವುದಿಲ್ಲ. ಬೇರೆ ಕಡೆ ಇದಕ್ಕೆ ಸುಲಭ ಉಪಾಯ ಇದೆ. ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕು, ಅಣ್ಣಂದಿರ ಸಂಖ್ಯೆ, ಇವನ್ನು ಸೇರಿಸಿ ಮಗುವೇ ಒಂದು ಗುರುತು ಬರೆಯುತ್ತದೆ. ಎರಡು ವರ್ಷದ ಮೇಲೂ ಅದೇ ಗುರುತು ಬರುತ್ತದೆ, ಹೆಸರು ಹೊರಬೀಳುವುದಿಲ್ಲ. ಹಾಸನದ ಒಂದೆರಡು ಹೋಬಳಿಯಲ್ಲಿ ಅರ್ಧ ಶಾಲೆಗೆ ಈ ವರ್ಷ ಪಾಠ, ಉಳಿದರ್ಧಕ್ಕೆ ಎರಡು ವರ್ಷದ ಮೇಲೆ ಎಂದು ಚೀಟಿ ಎತ್ತಿ, ಇಂಥ ಹಾಳೆ ತುಂಬಿಸಿದರೆ ಸಾಕು. ಖರ್ಚು ಅಂದರೆ ಜೆರಾಕ್ಸ್, ಹಾಳೆಯನ್ನು ಮಕ್ಕಳ ಎದುರಿಗೇ ಹಾಕಿ ಅಂಟಿಸಲು ಒಂದು ಲಕೋಟೆ, ಆ ಒಂದು ಪೀರಿಯಡ್ ಮೇಷ್ಟ್ರು ಕ್ಲಾಸಿನಿಂದ ಹೊರಗೆ ಇರುವುದು.