ಹತ್ತು ಡಾಲರಿಗೆ ರುಜು ಹಾಕದ ರೆಜಿಮೆಂಟು

ಸೈನಿಕರ ವೇತನದ ಲೆಕ್ಕ ನೋಡುವ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ, ಯಾವ ಯುದ್ಧದ ಚರಿತ್ರೆಯನ್ನು ಓದಿದರೂ ನನ್ನ ಕಣ್ಣು ಮೊದಲು ಬಟವಾಡೆ ಪಟ್ಟಿಯ ಕಡೆಗೆ ಹೋಗುತ್ತದೆ. ಸಂಬಳ ತಡವಾದರೆ ಜವಾನ ಸಹಿಸಿಕೊಳ್ಳುತ್ತಾನೆ. ಆದರೆ ಅವನ ದರ್ಜೆಯನ್ನು ಇಳಿಸಿ ಬರೆದು, ತಪ್ಪು ಲೆಕ್ಕ ಶೀರ್ಷಿಕೆಯಡಿ ಹಣ ಕೊಟ್ಟರೆ, ವ್ಯತ್ಯಾಸ ಎಷ್ಟೇ ಸಣ್ಣದಿರಲಿ, ಅದು ಸರಿಯಾಗುವ ತನಕ ಅವನಿಗೆ ನೆಮ್ಮದಿಯಿಲ್ಲ. ಈ ಮಾತಿಗೆ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ, ಕಪ್ಪು ಸೈನಿಕರ 54ನೆಯ ಮ್ಯಾಸಚೂಸೆಟ್ಸ್ ಸ್ವಯಂಸೇವಕ ಪದಾತಿ ರೆಜಿಮೆಂಟಿಗಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ.

ಸ್ವಯಂಸೇವಕ ರೆಜಿಮೆಂಟು ಎಂದರೆ ಸಂಬಳವಿಲ್ಲದ ಸೇವೆಯೆಂದು ತಿಳಿಯಬಾರದು. 1861ರಲ್ಲಿ ಗುಲಾಮಗಿರಿಯ ದಕ್ಷಿಣ ರಾಜ್ಯಗಳು ಒಕ್ಕೂಟದಿಂದ ಬೇರ್ಪಟ್ಟು ಯುದ್ಧ ಆರಂಭವಾದಾಗ ಅಮೆರಿಕದ ಕಾಯಂ ಸೇನೆ ಬಹಳ ಚಿಕ್ಕದಿತ್ತು. ಆದ್ದರಿಂದ ಅಧ್ಯಕ್ಷ ಲಿಂಕನ್ ರಾಜ್ಯಗಳಿಂದ ಪಡೆಗಳನ್ನು ಕೇಳಿದರು. ರಾಜ್ಯಪಾಲರು ಜನರನ್ನು ಸೇರಿಸಿ, ತಲಾ ನೂರರಷ್ಟು ಜನರ ಹತ್ತು ಕಂಪನಿಗಳನ್ನು ಕಟ್ಟಿ, ಅಧಿಕಾರಿಗಳನ್ನು ನೇಮಿಸಿ, ಇಡೀ ರೆಜಿಮೆಂಟನ್ನು ಒಕ್ಕೂಟ ಸರ್ಕಾರದ ಸೇವೆಗೆ ಒಪ್ಪಿಸುತ್ತಿದ್ದರು. ಸೇರಿಸಿಕೊಳ್ಳುವಾಗ ಮಾತು ಕೊಡುವುದು ರಾಜ್ಯ, ತಿಂಗಳ ಹಣ ಕೊಡುವುದು ವಾಷಿಂಗ್ಟನ್ನಿನ ಯುದ್ಧ ಇಲಾಖೆ. 54ನೆಯ ರೆಜಿಮೆಂಟಿನ ಸಂಕಟವೆಲ್ಲ ಈ ಎರಡರ ನಡುವಿನ ಸಂದಿಯಲ್ಲಿಯೇ ಹುಟ್ಟಿತು.

ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಲಿಂಕನ್ ಸಾರಿದ 1863ರ ಜನವರಿ 1ರ ವಿಮೋಚನಾ ಘೋಷಣೆ ಕಪ್ಪುಜನರನ್ನು ಸೇನೆಗೆ ಸೇರಿಸಿಕೊಳ್ಳಲು ದಾರಿ ತೆರೆದೊಡನೆ ಮ್ಯಾಸಚೂಸೆಟ್ಸಿನ ರಾಜ್ಯಪಾಲ ಜಾನ್ ಆಂಡ್ರೂ ಅನುಮತಿ ಪಡೆದರು. ಅವರ ರಾಜ್ಯದಲ್ಲಿ ಕಪ್ಪುಜನರ ಸಂಖ್ಯೆ ಹತ್ತು ಸಾವಿರವೂ ಇರಲಿಲ್ಲವಾದ್ದರಿಂದ ಪೆನ್ಸಿಲ್ವೇನಿಯ, ನ್ಯೂಯಾರ್ಕ್, ಒಹಾಯೊ ಮುಂತಾದ ಕಡೆಗಳಿಂದ ಯುವಕರು ಬಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶದ ದೊಡ್ಡ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಸ್ ತಾವೇ ಊರೂರು ಸುತ್ತಿ ಕರೆಕೊಟ್ಟರು. ಅವರ ಇಬ್ಬರು ಗಂಡುಮಕ್ಕಳಾದ ಲೂಯಿಸ್ ಮತ್ತು ಚಾರ್ಲ್ಸ್ ಇದೇ ರೆಜಿಮೆಂಟಿಗೆ ಸೇರಿದರು. ಬಾಸ್ಟನ್ ಸಮೀಪದ ರೆಡ್‌ವಿಲ್‌ನಲ್ಲಿ ತರಬೇತಿ ನಡೆಯಿತು. ಕರ್ನಲ್ ಆದವರು ಇಪ್ಪತ್ತೈದು ವರ್ಷದ ಬಿಳಿಯ ಯುವಕ ರಾಬರ್ಟ್ ಗೌಲ್ಡ್ ಶಾ. ಸೇರಿದವರಿಗೆ ಕೊಟ್ಟ ಮಾತು, ಉಳಿದೆಲ್ಲ ಸೈನಿಕರಂತೆ ತಿಂಗಳಿಗೆ 13 ಡಾಲರ್ ಸಂಬಳ ಮತ್ತು ಬೇರೆಯಾಗಿ ಬಟ್ಟೆಯ ಭತ್ಯೆ.

ಮೇ 28ರಂದು ಬಾಸ್ಟನ್ ಬಿಟ್ಟ ರೆಜಿಮೆಂಟು ದಕ್ಷಿಣ ಕೆರೊಲಿನಾದ ಕರಾವಳಿಗೆ ಹೋಯಿತು. ಜುಲೈ 16ರಂದು ಜೇಮ್ಸ್ ದ್ವೀಪದಲ್ಲಿ ಅದರ ಕಾವಲು ಸಾಲು ಶತ್ರುವನ್ನು ತಡೆದು ನಿಂತಿದ್ದರಿಂದ ಕನೆಕ್ಟಿಕಟ್‌ನ ಒಂದು ರೆಜಿಮೆಂಟು ಸುತ್ತುವರಿಯುವಿಕೆಯಿಂದ ಪಾರಾಯಿತು. ಎರಡೇ ದಿನಗಳ ನಂತರ, ಸರಿಯಾದ ಊಟ ನಿದ್ರೆಗಳಿಲ್ಲದೆ ನಡೆದು ಬಂದಿದ್ದ ಇದೇ ಜನರನ್ನು ಚಾರ್ಲ್ಸ್‌ಟನ್ ಬಂದರಿನ ದಾರಿ ಕಾಯುತ್ತಿದ್ದ ವ್ಯಾಗ್ನರ್ ಕೋಟೆಯ ಮೇಲಿನ ದಾಳಿಗೆ ಮುಂದಿನ ಸಾಲಾಗಿ ನಿಲ್ಲಿಸಲಾಯಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವಿನ ಕಿರಿದಾದ ಮರಳಿನ ಪಟ್ಟಿಯ ಮೇಲೆ ಸಂಜೆಗತ್ತಲಲ್ಲಿ ಸುಮಾರು 600 ಜನ ಓಡಿದರು. ಕೆಲವರು ಕೋಟೆಗೋಡೆಯ ನೆತ್ತಿಯನ್ನೂ ಮುಟ್ಟಿದರು; ಶಾ ಅಲ್ಲಿಯೇ ಬಿದ್ದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 272 ಜನ ನಷ್ಟವಾದರು. ಶತ್ರುಗಳು ಶಾ ಅವರ ದೇಹವನ್ನು ಅವರ ಸೈನಿಕರ ಜೊತೆಗೇ ಒಂದೇ ಗುಂಡಿಯಲ್ಲಿ ಹೂತರು. ಮಗನಿಗೆ ಅದಕ್ಕಿಂತ ಗೌರವದ ಜಾಗವಿಲ್ಲವೆಂದು ಭಾವಿಸಿದ ತಂದೆ, ದೇಹವನ್ನು ಅಲ್ಲಿಂದ ತೆಗೆಯುವುದು ಬೇಡವೆಂದರು. ಗಾಯಗೊಂಡರೂ ಧ್ವಜವನ್ನು ನೆಲಕ್ಕೆ ತಾಗಿಸದೆ ತಂದ ಸಾರ್ಜೆಂಟ್ ವಿಲಿಯಂ ಕಾರ್ನಿ ಅವರಿಗೆ ಗೌರವ ಪದಕ ಬಂದದ್ದು 1900ರಲ್ಲಿ, ಅಂದರೆ ಮೂವತ್ತೇಳು ವರ್ಷಗಳಾದ ಮೇಲೆ.

1864ರ ಫೆಬ್ರುವರಿ 20ರಂದು ಫ್ಲಾರಿಡಾದ ಒಲಸ್ಟಿಯಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಸೇನೆಯ ಬೆನ್ನು ಕಾಯುವ ಹೊಣೆ ಈ ರೆಜಿಮೆಂಟಿನ ಪಾಲಿಗೂ ಬಂತು. ಗಾಯಾಳುಗಳನ್ನು ತುಂಬಿದ್ದ ರೈಲಿನ ಎಂಜಿನ್ ಕೆಟ್ಟು ನಿಂತಾಗ ಇವರೇ ಹಗ್ಗ ಕಟ್ಟಿ ಆ ಬಂಡಿಗಳನ್ನು ಎಳೆದರು. ಆಮೇಲೆ ಹನಿ ಹಿಲ್, ಬಾಯ್ಕಿನ್ಸ್ ಮಿಲ್ ಕಾಳಗಗಳಾಗಿ 1865ರ ಆಗಸ್ಟಿನಲ್ಲಿ ರೆಜಿಮೆಂಟಿನ ಸೇವೆ ಮುಗಿಯಿತು. ಯುದ್ಧ ಚರಿತ್ರೆಗಳು ಸಾಮಾನ್ಯವಾಗಿ ಇಷ್ಟನ್ನು ಹೇಳುತ್ತವೆ. ಆದರೆ ಈ ಸೇವೆಯ ಹೆಚ್ಚಿನ ಭಾಗವನ್ನು ಆ ಜನ ಒಂದು ಸೆಂಟ್ ಸಂಬಳವನ್ನೂ ಮುಟ್ಟದೆ ಮಾಡಿದರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಈ ಘಟನೆಗಳನ್ನು ಮತ್ತೊಮ್ಮೆ ಓದಬೇಕೆಂದು ನನ್ನ ಕೋರಿಕೆ.

ನಡೆದದ್ದು ಹೀಗೆ. 1862ರ ಜುಲೈ 17ರ ಮಿಲಿಷಿಯಾ ಕಾಯಿದೆಯಲ್ಲಿ, ಆಫ್ರಿಕನ್ ಮೂಲದವರನ್ನು ಸೇನೆಯ ಕೆಲಸಕ್ಕೆ ತೆಗೆದುಕೊಂಡರೆ ತಿಂಗಳಿಗೆ 10 ಡಾಲರ್, ಅದರಲ್ಲಿ 3 ಡಾಲರನ್ನು ಬಟ್ಟೆಯ ಬಾಬ್ತು ಎಂದು ಗೊತ್ತುಮಾಡಲಾಗಿತ್ತು. ಕಂದಕ ತೋಡುವ, ಪಾಳೆಯದ ಕೂಲಿ ಮಾಡುವ ಜನರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಲಮು ಅದು. 1863ರ ಜೂನ್‌ನಲ್ಲಿ ಯುದ್ಧ ಇಲಾಖೆ ಇದೇ ಕಲಮನ್ನು ಬಂದೂಕು ಹಿಡಿದ ಕಪ್ಪು ಸೈನಿಕರಿಗೂ ಅನ್ವಯಿಸಿತು. ಹೀಗಾಗಿ ಕೈಗೆ ಬರುವುದು 7 ಡಾಲರ್ ಮಾತ್ರ. ಬಿಳಿಯ ಸಾರ್ಜೆಂಟಿಗೆ 17 ಡಾಲರ್ ಇದ್ದಾಗ ಕಪ್ಪು ಸಾರ್ಜೆಂಟಿಗೂ ಅದೇ 10. ರೆಜಿಮೆಂಟಿನ ಪಾದ್ರಿ ಸ್ಯಾಮ್ಯುಯೆಲ್ ಹ್ಯಾರಿಸನ್ ಅವರಿಗೂ ಅದೇ 10. ದರ್ಜೆಯ ಕಾಲಂನ್ನು ಬಣ್ಣದ ಕಾಲಂ ಅಳಿಸಿಹಾಕಿದ ಇಂಥ ವೇತನ ಪಟ್ಟಿಯನ್ನು ನೆನೆದರೆ, ಪಟ್ಟಿಗಳ ನಡುವೆಯೇ ಬದುಕಿದ ನನಗೆ ಇಂದಿಗೂ ಸಂಕಟವಾಗುತ್ತದೆ.

ಪೇಮಾಸ್ಟರ್ ಬಂದಾಗಲೆಲ್ಲ ಸೈನಿಕರು ಹಣ ನಿರಾಕರಿಸಿದರು. 1863ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಕಡಿಮೆ ಬಿದ್ದ ಮೊತ್ತವನ್ನು ರಾಜ್ಯದ ಬೊಕ್ಕಸದಿಂದ ತುಂಬಿಕೊಡಲು ಒಪ್ಪಿದಾಗ ಅದನ್ನೂ ಬೇಡವೆಂದರು. ಲೆಕ್ಕ ತಿಳಿಯದವರಿಗೆ ಇದು ಹಟವಾಗಿ ಕಾಣಬಹುದು. ರಾಜ್ಯ ಎಷ್ಟೇ ತುಂಬಿಕೊಟ್ಟರೂ ಒಕ್ಕೂಟದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಕೂಲಿಯ ದರವೇ ಉಳಿಯುತ್ತಿತ್ತು, ಮತ್ತು ಅದಕ್ಕೆ ಅವರದೇ ರುಜು ಇರುತ್ತಿತ್ತು. ಒಮ್ಮೆ ರುಜು ಹಾಕಿ ಪಡೆದ ಹಣ ಒಪ್ಪಿಗೆಯ ದಾಖಲೆಯಾಗುತ್ತದೆಂಬುದನ್ನು ನನ್ನ ವೃತ್ತಿಯವರು ಬಲ್ಲರು. ಆ ಸೈನಿಕರೂ ಬಲ್ಲವರಾಗಿದ್ದರು.

ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದು ಬಂದಿದ್ದ ಕಾರ್ಪೊರಲ್ ಜೇಮ್ಸ್ ಹೆನ್ರಿ ಗೂಡಿಂಗ್ 1863ರ ಸೆಪ್ಟೆಂಬರ್ 28ರಂದು ನೇರವಾಗಿ ಅಧ್ಯಕ್ಷ ಲಿಂಕನ್ ಅವರಿಗೇ ಪತ್ರ ಬರೆದರು. ನಾವು ಸೈನಿಕರೋ ಕೂಲಿಗಳೋ ಎಂಬುದೇ ಮುಖ್ಯ ಪ್ರಶ್ನೆಯೆಂದು ಅವರು ಅದರಲ್ಲಿ ಕೇಳಿದ್ದಾರೆ. ಸೇನೆಯ ವೇತನದ ಬಗ್ಗೆ ನಾನು ಓದಿದ ಅರ್ಜಿಗಳಲ್ಲೆಲ್ಲ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ಪ್ರತಿಭಟನೆ ಅಪಾಯದ ದಾರಿಯಾಗಿತ್ತು. ಇದೇ ಕಾರಣಕ್ಕೆ ತಮ್ಮ ಕಂಪನಿಯ ಬಂದೂಕುಗಳನ್ನು ಕೆಳಗಿಡಿಸಿದ ದಕ್ಷಿಣ ಕೆರೊಲಿನಾದ ಕಪ್ಪು ರೆಜಿಮೆಂಟೊಂದರ ಸಾರ್ಜೆಂಟ್ ವಿಲಿಯಂ ವಾಕರ್ ಅವರನ್ನು 1864ರ ಫೆಬ್ರುವರಿ 29ರಂದು ದಂಗೆಯ ಆರೋಪದ ಮೇಲೆ ಗುಂಡಿಟ್ಟು ಕೊಂದರು. 54ನೆಯ ರೆಜಿಮೆಂಟು ಆಯುಧ ಕೆಳಗಿಡಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಪರರ ನೆರವಿನಲ್ಲಿ ದಿನ ದೂಡುತ್ತಿದ್ದರೂ ಸೇವೆ ಮಾಡುತ್ತಲೇ ಹಣ ಬೇಡವೆಂದಿತು.

1864ರ ಏಪ್ರಿಲ್‌ನಲ್ಲಿ ಅಟಾರ್ನಿ ಜನರಲ್ ಎಡ್ವರ್ಡ್ ಬೇಟ್ಸ್, ಪಾದ್ರಿ ಹ್ಯಾರಿಸನ್ ಅವರಿಗೆ ಪೂರ್ಣ ವೇತನ ಸಲ್ಲಬೇಕೆಂದು ಅಭಿಪ್ರಾಯ ಕೊಟ್ಟರು. ಜೂನ್ 15ರಂದು ಕಾಂಗ್ರೆಸ್ ಸಮಾನ ವೇತನವನ್ನು ಅಂಗೀಕರಿಸಿತು. ಆದರೆ ಅಲ್ಲಿಯೂ ಒಂದು ಷರತ್ತು: 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ ಸೇರಿದ ದಿನದಿಂದ ಬಾಕಿ, ಉಳಿದವರಿಗೆ 1864ರ ಜನವರಿ 1ರಿಂದ. ಹಿಂದೆ ಗುಲಾಮರಾಗಿದ್ದವರೂ ರೆಜಿಮೆಂಟಿನಲ್ಲಿದ್ದರು. ತಾನು ಆ ದಿನ ಸ್ವತಂತ್ರನಾಗಿದ್ದೆನೆಂದು ಸೈನಿಕ ಪ್ರಮಾಣ ಮಾಡಬೇಕಿತ್ತು. ಶಾ ನಂತರ ಕರ್ನಲ್ ಆದ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಎಡ್ವರ್ಡ್ ಹ್ಯಾಲೊವೆಲ್ ಆ ಪ್ರಮಾಣದ ಮಾತನ್ನೇ ಬದಲಿಸಿ ರಚಿಸಿದರು: ಆ ದಿನಾಂಕದಂದು ಯಾರಿಗೂ ತಾನು ಕೂಲಿಯಿಲ್ಲದ ದುಡಿಮೆಯನ್ನು ಸಲ್ಲಿಸಬೇಕಾದ ಋಣದಲ್ಲಿರಲಿಲ್ಲ ಎಂದು ಸೈನಿಕ ಪ್ರಮಾಣ ಮಾಡಿದರೆ ಸಾಕು. ಒಡೆಯನಿಗೆ ಅಂಥ ಋಣ ಎಂದೂ ಇರಲಿಲ್ಲವೆಂದು ನಂಬಿದ ಯಾವ ಮನುಷ್ಯನೂ ಸುಳ್ಳಾಡದೆ ಹೇಳಬಹುದಾದ ಮಾತು ಅದು. ಪ್ರಮಾಣಪತ್ರದ ಒಕ್ಕಣೆಯನ್ನು ನ್ಯಾಯದ ಕಡೆಗೆ ಹೀಗೆ ತಿರುಗಿಸಿದ ಅಧಿಕಾರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

1864ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಬಟವಾಡೆ ನಡೆಯಿತು. ರೆಜಿಮೆಂಟಿಗೆ ಸಂದ ಮೊತ್ತ ಸುಮಾರು 1,70,000 ಡಾಲರ್. ಅದರ ಬಹುಭಾಗ ಮನೆಗಳಿಗೆ ಹೋಯಿತು. ಪಾಳೆಯದಲ್ಲಿ ಪಿಟೀಲು, ಹಾಡು, ಸಭೆಗಳು ನಡೆದವು. ಒಲಸ್ಟಿಯಲ್ಲಿ ಗಾಯಗೊಂಡು ಸೆರೆಸಿಕ್ಕಿದ್ದ ಗೂಡಿಂಗ್ ಅಲ್ಲಿರಲಿಲ್ಲ. ಕಾಯಿದೆ ಅಂಗೀಕಾರವಾಗಿ ಐದು ವಾರ ತುಂಬುವ ಮೊದಲೇ, ಜುಲೈ 19ರಂದು, ಅವರು ಜಾರ್ಜಿಯಾದ ಆಂಡರ್‌ಸನ್‌ವಿಲ್ ಸೆರೆಮನೆಯಲ್ಲಿ ತೀರಿಕೊಂಡಿದ್ದರು.