ಹೆಪಟೈಟಿಸ್ ಸಿ: ಗುಣವಾದವರು ಮಾಡಿಸಬಾರದ ಪರೀಕ್ಷೆ

ಯಕೃತ್ತಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಗುಣವಾದವರು ಮತ್ತೆ ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬರುವುದನ್ನು ನೋಡಿ ನೋಡಿ ಸಾಕಾಗಿದೆ. ಕಳೆದ ಮಳೆಗಾಲದಲ್ಲಿ ಬಂಟ್ವಾಳದ ಕಡೆಯ ತಾಯಿಯೊಬ್ಬರು ಮಗನೊಂದಿಗೆ ಮಂಗಳೂರಿಗೆ ಬಂದಿದ್ದರು. ಚಿಕಿತ್ಸೆ ಮುಗಿದು, ವೈರಸ್ ಇಲ್ಲವೆಂದು ಖಚಿತವಾಗಿದ್ದವರು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮುನ್ನ ಬೇರೊಂದು ಕಡೆ ಪರೀಕ್ಷೆಗೆ ರಕ್ತ ಕೊಟ್ಟಾಗ ‘ರಿಯಾಕ್ಟಿವ್’, ಅಂದರೆ ಆಂಟಿಬಾಡಿ ಇದೆ, ಎಂದು ಬಂದಿತ್ತು. ಆ ಪದದಡಿ ಯಾರೋ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. “ಡಾಕ್ಟರೇ, ಅಮ್ಮನಿಗೆ ಮಾತ್ರೆ ಮತ್ತೆ ಶುರು ಮಾಡಬೇಕೇ?” ಎಂದು ಮಗ ಕೇಳಿದ. ಅಮ್ಮ ಆಗಲೇ ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದರು. ರಕ್ತದಿಂದ ಹರಡುವ ಈ ಸೋಂಕು ಒಟ್ಟಿಗೆ ಉಂಡರೆ ಅಂಟುವುದೇ ಇಲ್ಲ!

1974ರ ನೇತ್ರಾವತಿ ನೆರೆಯ ಗುರುತು ಗೋಡೆಯ ಮೇಲಿದೆಯೆಂದು ಇವತ್ತು ಯಾರೂ ಮನೆ ಖಾಲಿ ಮಾಡುವುದಿಲ್ಲ. ಆಂಟಿಬಾಡಿಯೂ ಅಷ್ಟೇ. ವೈರಸ್ ಎಂದೋ ಬಂದಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ರಕ್ತದಲ್ಲಿ ಉಳಿಯುತ್ತದೆ. ಈಗ ವೈರಸ್ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ, ಅಂದರೆ ವೈರಲ್ ಲೋಡ್, ಬೇಕು. ಮಾತ್ರೆ ಮುಗಿದು 12 ವಾರಗಳ ಬಳಿಕ ಅದರಲ್ಲಿ ವೈರಸ್ ಕಾಣದಿದ್ದರೆ ರೋಗ ಗುಣವಾಯಿತೆಂದೇ ಅರ್ಥ. ಆ ವರದಿಯನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಶಸ್ತ್ರಚಿಕಿತ್ಸೆ ಇರಲಿ, ಗಲ್ಫಿನ ವೈದ್ಯಕೀಯ ತಪಾಸಣೆ ಇರಲಿ, ಮೊದಲೇ ತೋರಿಸಿ. ಅಲ್ಲಿನವರು ಒಪ್ಪಿಯೇ ಒಪ್ಪುತ್ತಾರೆಂದು ನಾನು ಮಾತು ಕೊಡಲಾರೆ, ಅವರ ನಿಯಮ ಅವರದು. ಆದರೆ ಆ ಕಾರಣಕ್ಕೆ ಎರಡನೆಯ ಬಾರಿ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ.

ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ತಿಂಗಳುಗಟ್ಟಲೆ ಜ್ವರ, ಮೈಕೈ ನೋವಿನಲ್ಲಿ ನರಳಿದವರನ್ನು ಕಂಡವನು ನಾನು. ಈಗ ಹೆಚ್ಚಿನವರಿಗೆ 12 ವಾರಗಳ ಮಾತ್ರೆ ಸಾಕು, ನೂರರಲ್ಲಿ ಸುಮಾರು 95 ಮಂದಿ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಔಷಧ ಉಚಿತ. ಇಷ್ಟಿದ್ದೂ ಕಾಮಾಲೆಯೆಂದು ನೆಲನೆಲ್ಲಿ ಕಷಾಯ ಕುಡಿಯುತ್ತಾ ವರ್ಷ ಕಳೆದು ಬರುವವರನ್ನು ಕಂಡರೆ ಸಂಕಟವಾಗುತ್ತದೆ.

ಎರಡು ಎಚ್ಚರಿಕೆಗಳಿವೆ. ಆಂಟಿಬಾಡಿ ರಕ್ಷಾಕವಚವಲ್ಲ, ಡಯಾಲಿಸಿಸ್‌ನಲ್ಲಿರುವವರಿಗೆ, ಸೂಜಿ ಹಂಚಿಕೊಳ್ಳುವವರಿಗೆ ಸೋಂಕು ಮತ್ತೆ ತಗಲಬಹುದು. ಅಂಥವರಿಗೂ ಮಾಡಬೇಕಾದದ್ದು ವೈರಲ್ ಲೋಡ್ ಪರೀಕ್ಷೆಯನ್ನೇ. ಇನ್ನು, ಚಿಕಿತ್ಸೆಗೆ ಮುನ್ನವೇ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿದ್ದವರು, ವೈರಸ್ ಹೋದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬಿಡಬಾರದು. ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.