ಹಿಕ್ಕೆಯಲ್ಲಿ ಸಿಕ್ಕಿದ್ದು ದನವೋ ಕಾಟಿಯೋ?

ಮಲೆನಾಡಿನ ಭದ್ರಾ ಅಭಯಾರಣ್ಯದ ಅಂಚಿನಲ್ಲೋ ಶೆಟ್ಟಿಹಳ್ಳಿ ಕಾಡಿನ ಬದಿಯಲ್ಲೋ ಮೇಯಲು ಬಿಟ್ಟ ಗಿಡ್ಡ ತಳಿಯ ದನ ಸಂಜೆ ಕೊಟ್ಟಿಗೆಗೆ ಬಾರದಿದ್ದರೆ ತೀರ್ಪು ಬೇಗ ಹೊರಬೀಳುತ್ತದೆ: ಹುಲಿ ಹಿಡಿಯಿತು, ಇಲ್ಲವೇ ಸೀಳುನಾಯಿ ಹಿಂಡು ಮುಗಿಸಿತು. ಹಿಕ್ಕೆಯ ಡಿಎನ್‌ಎ ಪರೀಕ್ಷೆ ಮಾಡಿದರೆ ಕೊಂದವರು ಯಾರೆಂದು ಗೊತ್ತಾಗಿಬಿಡುತ್ತದೆ ಎಂದು ನಂಬಿದವರೂ ಇದ್ದಾರೆ. ಇಲ್ಲ, ಗೊತ್ತಾಗುವುದಿಲ್ಲ. ಹೊಟ್ಟೆಗೆ ಏನು ಹೋಯಿತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಬೇಟೆಯಾಡಿ ತಿಂದದ್ದೋ, ಸತ್ತುಬಿದ್ದದ್ದನ್ನು ತಿಂದದ್ದೋ ಎಂಬುದಕ್ಕೆ ಡಿಎನ್‌ಎಯಲ್ಲಿ ಗುರುತಿಲ್ಲ. ಆದರೆ ಅಷ್ಟನ್ನು ತಿಳಿಯುವ ದಾರಿಯೇ ಬೆರಗು ಹುಟ್ಟಿಸುವಂಥದ್ದು.

ಹಿಂದೆ ಇದೆಲ್ಲ ಕೂದಲಿನ ಕೆಲಸವಾಗಿತ್ತು. ಹಿಕ್ಕೆ ತೊಳೆದು, ಸೋಸಿ, ಉಳಿದ ಕೂದಲಿನ ತಿರುಳು ಮತ್ತು ಹೊರಪದರದ ವಿನ್ಯಾಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಡವೆಯೋ ಜಿಂಕೆಯೋ ಮುಸುವವೋ ಎಂದು ಗುರುತಿಸುತ್ತಿದ್ದರು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ನಾಗರಹೊಳೆಯ ಹುಲಿ, ಚಿರತೆ, ಸೀಳುನಾಯಿಗಳ ಆಹಾರದ ಅಧ್ಯಯನಕ್ಕೂ ಹಿಕ್ಕೆಯೇ ದೊಡ್ಡ ಆಧಾರ. ಆ ವಿಧಾನ ಹಳೆಯದಾದರೂ ಹಗುರವಲ್ಲ. ಈಗಲೂ ಡಿಎನ್‌ಎ ಜೊತೆ ಅದನ್ನು ಮಾಡುವುದೇ ಜಾಣತನ.

ಹಿಕ್ಕೆಯಿಂದ ಡಿಎನ್‌ಎ ತೆಗೆಯಬಹುದೆಂದು ತೋರಿಸಿದ್ದು 1992ರ ಒಂದು ಪುಟ್ಟ ವರದಿ. ಇಟಲಿಯ ಕರಡಿಗಳ ಹಿಕ್ಕೆಯಲ್ಲಿ ಕರಡಿಯದ್ದೂ ಅದು ತಿಂದ ಗಿಡದ್ದೂ ಡಿಎನ್‌ಎ ಸಿಕ್ಕಿತ್ತು. ಅದನ್ನು ಬರೆದವರಲ್ಲಿ ಒಬ್ಬರಾದ ಸ್ವಾಂಟೆ ಪಾಬೊ ಅವರಿಗೆ, ಅಳಿದುಹೋದ ಮಾನವ ಪ್ರಭೇದಗಳ ಡಿಎನ್‌ಎ ಓದಿದ್ದಕ್ಕಾಗಿ, 2022ರಲ್ಲಿ ನೊಬೆಲ್ ಬಂತು.

ಮಲೆನಾಡಿನಲ್ಲಿ ಮೊದಲ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಕ್ಕೆ ತೊಳೆದುಹೋಗುತ್ತದೆ, ಸಗಣಿ ಹುಳುಗಳು ಹೊತ್ತೊಯ್ಯುತ್ತವೆ. ಹಾಗಾಗಿ ಬೇಸಿಗೆಯಲ್ಲಿ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ, ಕಾಡುರಸ್ತೆಗಳಲ್ಲಿ ಹುಡುಕಬೇಕು. ಸೀಳುನಾಯಿಗಳು ದಾರಿ ಕೂಡುವಲ್ಲಿ ಗುಂಪಾಗಿ ಹಿಕ್ಕೆ ಹಾಕುವುದರಿಂದ ಅವುಗಳದ್ದು ಸಿಗುವುದು ಸುಲಭ. ಕೈಗವಸು ಕಡ್ಡಾಯ, ಏಕೆಂದರೆ ನಾಯಿ ಜಾತಿಯ ಹಿಕ್ಕೆಯಲ್ಲಿ ಮನುಷ್ಯರಿಗೆ ಅಂಟುವ ಲಾಡಿಹುಳುವಿನ ಮೊಟ್ಟೆಗಳಿರಬಹುದು. ಯಾರ ಹಿಕ್ಕೆ ಎಂದು ತಿಳಿಯಲು ಹೊರಪದರ ಕೆರೆಯಬೇಕು. ಕರುಳಿನಿಂದ ಉದುರಿದ ಕೋಶಗಳು ಅಲ್ಲಿರುತ್ತವೆ. ಏನು ತಿಂದಿತ್ತೆಂದು ತಿಳಿಯಲು ಒಳಗಿನ ನಾಲ್ಕಾರು ಕಡೆಯಿಂದ ಚೂರು ತೆಗೆಯಬೇಕು. ಒಂದು ಭಾಗ ಹಿಕ್ಕೆಗೆ ನಾಲ್ಕು ಭಾಗ ಗಾಢ ಎಥನಾಲ್. ಒಂದು ದಿನದ ನಂತರ ಅದನ್ನು ಬಸಿದು, ತೇವ ಹೀರುವ ಸಿಲಿಕಾ ಜೆಲ್‌ಗೆ ಹಾಕಿದರೆ ಇನ್ನೂ ಒಳ್ಳೆಯದು. ತೇವ ಉಳಿದರೆ ಡಿಎನ್‌ಎ ತುಂಡಾಗುತ್ತಲೇ ಹೋಗುತ್ತದೆ.

ಪ್ರಯೋಗಾಲಯಕ್ಕೆ ಬೇಕಾದದ್ದು ಸುಮಾರು 200 ಮಿಲಿಗ್ರಾಂ ಮಾತ್ರ. ಓದುವುದು ಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯದ ಡಿಎನ್‌ಎ, ಏಕೆಂದರೆ ಒಂದೊಂದು ಕೋಶದಲ್ಲಿ ಅದರ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಜೀರ್ಣವಾಗಿ ಚೂರಾದದ್ದರಲ್ಲೂ 12ಎಸ್ ಎಂಬ ಜೀನಿನ ಸುಮಾರು 100 ಡಿಎನ್‌ಎ ಅಕ್ಷರಗಳ ತುಣುಕು ಉಳಿದಿರುತ್ತದೆ. ಡಿಎನ್‌ಎ ನಕಲು ಮಾಡುವ ಪಿಸಿಆರ್ ವಿಧಾನದಲ್ಲಿ ಅದನ್ನು ಮರಳಿ ಮರಳಿ ಇಮ್ಮಡಿಸಬೇಕು. ಆಮೇಲೆ ಯಂತ್ರದಲ್ಲಿ ಅದರ ಅಕ್ಷರಗಳ ಸಾಲನ್ನು, ಅಂದರೆ ಅನುಕ್ರಮವನ್ನು, ಓದಿ ಗೊತ್ತಿರುವ ಪ್ರಾಣಿಗಳ ಅನುಕ್ರಮಗಳೊಂದಿಗೆ ಹೋಲಿಸಬೇಕು.

ತೊಡಕು ಇರುವುದು ಇಲ್ಲೇ. ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ಚೂರು, ಪ್ರೈಮರ್, ಬೆನ್ನೆಲುಬಿರುವ ಎಲ್ಲ ಪ್ರಾಣಿಗಳ ಡಿಎನ್‌ಎಗೂ ಅಂಟುತ್ತದೆ, ಹಿಕ್ಕೆಯಲ್ಲಿ ಗಟ್ಟಿಯಾಗಿ ಉಳಿದಿರುವುದು ಬಹುಪಾಲು ಹಿಕ್ಕೆ ಹಾಕಿದ ಪ್ರಾಣಿಯದ್ದೇ ಡಿಎನ್‌ಎ. ತಡೆಯದಿದ್ದರೆ ಫಲಿತಾಂಶದ ತುಂಬ ಸೀಳುನಾಯಿಯೇ. ಅದಕ್ಕಾಗಿ ಸೀಳುನಾಯಿಯ ಅನುಕ್ರಮಕ್ಕೆ ಮಾತ್ರ ಕೂರುವ ತಡೆತುಣುಕೊಂದನ್ನು ಸೇರಿಸುತ್ತಾರೆ. ಅದರ ತುದಿಗೆ ಮೂರು ಇಂಗಾಲದ ಮುಚ್ಚಳವಿರುವುದರಿಂದ ಕಿಣ್ವ ಅಲ್ಲಿಂದ ಮುಂದಕ್ಕೆ ನಕಲು ಮಾಡಲಾರದು. ತೂಬಿಗೆ ಬೆಣೆ ಹೊಡೆದ ಹಾಗೆ. ಆಗ ಕಡವೆ, ಕಾಡುಹಂದಿ, ಮೊಲಗಳ ಡಿಎನ್‌ಎ ಬೆಳೆಯಲು ಅವಕಾಶ ಸಿಗುತ್ತದೆ. ಇದಕ್ಕೊಂದು ಬೆಲೆಯೂ ಇದೆ: ಹತ್ತಿರದ ನಂಟನಾದ ಊರನಾಯಿಯ ಡಿಎನ್‌ಎಯೂ ತಡೆಗೆ ಸಿಕ್ಕಿಬೀಳಬಹುದು. ಸೀಳುನಾಯಿ ಊರನಾಯಿಯನ್ನು ತಿಂದಿದ್ದರೂ ಅದು ಕಾಣದೇ ಹೋಗುತ್ತದೆ.

ಮುಟ್ಟಿದವರ ಡಿಎನ್‌ಎಯೂ ಬೆಳೆಯುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಹಿಕ್ಕೆಯೇ ಇಲ್ಲದ ಖಾಲಿ ಕೊಳವೆಯೊಂದನ್ನು ಜೊತೆಗೇ ಓಡಿಸಬೇಕು. ಅದರಲ್ಲಿ ಹಂದಿ ಕಂಡರೆ ಬೇರೆ ಕೊಳವೆಗಳ ಹಂದಿಯನ್ನೂ ನಂಬುವಂತಿಲ್ಲ. ಇನ್ನು, 8,000 ಬಾರಿ ಕಡವೆ, 2,000 ಬಾರಿ ಮೊಲ ಓದಿಗೆ ಸಿಕ್ಕಿತೆಂದರೆ ಮಾಂಸ ನಾಲ್ಕು ಪಟ್ಟು ಎಂದಲ್ಲ. ಜೀರ್ಣವಾಗುವ ವೇಗ, ಅಂಗಾಂಶ, ಪ್ರೈಮರ್ ಅಂಟುವ ಬಗೆ, ಎಲ್ಲವೂ ಆ ಸಂಖ್ಯೆಯನ್ನು ತಿರುಚುತ್ತವೆ. ಎಷ್ಟು ಹಿಕ್ಕೆಗಳಲ್ಲಿ ಕಡವೆ ಇತ್ತು ಎಂಬ ಲೆಕ್ಕಕ್ಕೂ ತಿದ್ದುಪಡಿ ಬೇಕು, ಏಕೆಂದರೆ ಸಣ್ಣ ಪ್ರಾಣಿಯಲ್ಲಿ ಮಾಂಸಕ್ಕೆ ಹೋಲಿಸಿದರೆ ಕೂದಲು, ಚರ್ಮ ಹೆಚ್ಚು. ಒಂದು ಕಿಲೋ ಮೊಲ ತಿಂದರೆ ಬೀಳುವ ಹಿಕ್ಕೆ ಒಂದು ಕಿಲೋ ಕಡವೆ ತಿಂದಾಗಿನದಕ್ಕಿಂತ ಹೆಚ್ಚು.

ಮಲೆನಾಡಿಗೆ ಎಲ್ಲಕ್ಕಿಂತ ಮುಖ್ಯವಾದ ತಪ್ಪು ಬೇರೆಯದು. ಕಾಟಿಯೂ (ಕಾಡುಕೋಣ) ದನವೂ ಒಂದೇ ಕುಲದವು; ಆ ಕುಲದ ಹೆಸರು ಬಾಸ್. ನೂರು ಅಕ್ಷರದ ತುಣುಕಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಎಮ್ಮೆಯಾದರೆ ಬೇರೆ ಕುಲ, ತೊಂದರೆಯಿಲ್ಲ. ಹೋಲಿಸುವ ದತ್ತಾಂಶದಲ್ಲಿ ದನದ ಅನುಕ್ರಮಗಳೇ ರಾಶಿ ಇರುವುದರಿಂದ ಯಂತ್ರ ‘ದನ’ ಎಂದು ತೋರಿಸಿಬಿಡಬಹುದು. ಹುಲಿ ಕಾಡಿನೊಳಗೆ ಕಾಟಿಯ ಕರು ಹೊಡೆದಿದ್ದರೂ ಊರಿನ ಕೊಟ್ಟಿಗೆಯ ಲೆಕ್ಕಕ್ಕೆ ಬರೆದಂತಾಯಿತು. ಇಂಥ ಹಿಕ್ಕೆಗಳನ್ನು ಸೈಟೊಕ್ರೋಮ್-ಬಿ ಎಂಬ ಇನ್ನೊಂದು ಜೀನಿನ ಭಾಗದಲ್ಲಿ ಮತ್ತೊಮ್ಮೆ ಓದಬೇಕು, ಕೂದಲನ್ನೂ ನೋಡಬೇಕು. ಡಿಎನ್‌ಎ ತೀರಾ ಚೂರಾಗಿ, ಕೂದಲಿನಿಂದಲೂ ತಿಳಿಯದಿದ್ದರೆ ‘ಬಾಸ್ ಕುಲದ ಪ್ರಾಣಿ’ ಎಂದಷ್ಟೇ ಬರೆಯಬೇಕು.